ಅಜ್ಜಿ ಬೇಡವೆಂದ ಕಟ್ಟು

ನಿನ್ನ ವ್ಯಾಪಾರಕ್ಕೆ ಬಂಡವಾಳ ಹಾಕಿದವರು ಯಾರು ಎಂದು ಜನ ಈಗಲೂ ಕೇಳುತ್ತಾರೆ. ಯಾರೂ ಹಾಕಲಿಲ್ಲ. ನನ್ನ ಬಂಡವಾಳ ನನ್ನ ಕಿವಿಯಲ್ಲಿತ್ತು. ನನಗೆ ಕನ್ನಡ ಬರುತ್ತದೆ ಎಂಬುದು ಸೋಮನೂರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅಷ್ಟೇ.

ನಾನು ಹುಟ್ಟಿ ಬೆಳೆದದ್ದು ತಮಿಳುನಾಡಿನ ಕೊಯಮತ್ತೂರಿನ ಪಕ್ಕ, ಪೋತ್ತನೂರಿನ ರೈಲ್ವೆ ಮನೆಗಳ ಲೈನಿನಲ್ಲಿ. ಅಪ್ಪ ವರ್ಕ್‌ಶಾಪಿನಲ್ಲಿ ಕಬ್ಬಿಣ ತಟ್ಟುತ್ತಿದ್ದವರು. ನಮ್ಮ ಮನೆಯಲ್ಲಿ ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೊರಗಿನವರ ಎದುರಿಗೆ ಮನೆಮಾತು ಆಡಿದರೆ ಅಮ್ಮ ತೊಡೆ ಚಿವುಟುತ್ತಿದ್ದಳು. ಹಾಗಾಗಿ ನನ್ನ ತಮಿಳು ಎಷ್ಟು ಚೊಕ್ಕಟವಾಯಿತೆಂದರೆ, ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಬಟ್ಟೆ ಗಂಟು ಹೊತ್ತು ಊರೂರು ಸುತ್ತಿದಾಗ ನನ್ನನ್ನು ಯಾರೂ ಬೇರೆ ಮಾತಿನವಳು ಎಂದುಕೊಳ್ಳಲಿಲ್ಲ. ನಾನೂ ಹೇಳಲಿಲ್ಲ. ಕೇಳದ್ದನ್ನು ಯಾಕೆ ಹೇಳಬೇಕು?

ಸೋಮನೂರಿನ ಪವರ್‌ಲೂಮ್ ಶೆಡ್ಡುಗಳಲ್ಲಿ ಎಷ್ಟೋ ಮನೆಗಳು ನಮ್ಮ ಮಾತಿನವೇ. ನಾನು ಬಣ್ಣ ಹಾಕದ ಕೋರಾ ಬಟ್ಟೆಗೆ ಒಂದು ದರ ಹೇಳುತ್ತಿದ್ದೆ. ಶೆಡ್ಡಿನವನು ತಲೆ ಅಲ್ಲಾಡಿಸಿ ತಮಿಳಿನಲ್ಲಿ ‘ಗಿಟ್ಟೋದಿಲ್ಲ ಅಕ್ಕಾ’ ಎನ್ನುತ್ತಿದ್ದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕನ್ನಡದಲ್ಲಿ, ‘ಕೊಟ್‌ಬಿಡಾಣ, ಮಳೆ ಬಂದ್ರೆ ಇಡಕ್ಕೆ ಜಾಗ ಇಲ್ಲ’ ಎನ್ನುತ್ತಿದ್ದ. ನಾನು ಸೂರಿನ ಹಂಚು ನೋಡುತ್ತಾ, ಏನೂ ತಿಳಿಯದವಳಂತೆ ಬಟ್ಟೆ ಮಡಚಿಡುತ್ತಿದ್ದೆ. ಇದು ನಮ್ಮವರು ಮಾತ್ರ ಮಾಡುವ ತಪ್ಪು. ಮನೆಮಾತೆಂದರೆ ಒಳಗಿನಿಂದ ಚಿಲಕ ಹಾಕಿಕೊಂಡ ಕೋಣೆ ಎಂದುಕೊಂಡುಬಿಡುತ್ತಾರೆ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸಂತೆಯಲ್ಲಿ ನಿಂತು ಆ ಕೋಣೆಯೊಳಗಿಂದ ಜೋರಾಗಿ ಗುಟ್ಟು ಮಾತಾಡುತ್ತಾರೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವ ಹೆಣ್ಣುಮಕ್ಕಳಿಗೆ ನಾನು ಇವತ್ತಿಗೂ ಹೇಳುವುದು ಇದನ್ನೇ. ನಿಮಗೆ ನಾಲ್ಕು ಭಾಷೆ ಬಂದರೆ ಮೂರನ್ನು ಮಾತ್ರ ಆಡಿ, ಒಂದನ್ನು ಕೇಳುವುದಕ್ಕೆ ಇಟ್ಟುಕೊಳ್ಳಿ.

ಆ ಬಂಡವಾಳವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಖರ್ಚು ಮಾಡಿಬಿಟ್ಟೆ. ಜೀವಮಾನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ವ್ಯಾಪಾರ ಅದೇ ಎಂದು ನನ್ನ ಲೆಕ್ಕ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಮೈಸೂರಿನ ಅಂಗಡಿಗಳಿಗೆ ಮಾಲು ಹಾಕತೊಡಗಿದಾಗ, ಅಲ್ಲಿನ ಬೋರ್ಡುಗಳನ್ನು ಓದಿ ಓದಿ. ಆದ್ದರಿಂದ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಕ್ಷಮೆಯಿರಲಿ, ವಿಷಯದಲ್ಲಿ ತಪ್ಪಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಒಂದು ಬೆಳಿಗ್ಗೆ ಸೋಮನೂರಿನ ಒಂದು ಶೆಡ್ಡಿನಲ್ಲಿ ಬಗ್ಗಿ ಬಟ್ಟೆಯ ಅಂಚು ನೋಡುತ್ತಿದ್ದೆ. ಪಕ್ಕದ ಮಗ್ಗದಿಂದ ಲಾಳಿ ಹಾರಿತು. ಮಗ್ಗದ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಲಾಳಿ ಎಂದರೆ ಗೇಣಿಗಿಂತ ಉದ್ದದ ಮರದ ತುಂಡು, ಎರಡು ತುದಿಗೂ ಕಬ್ಬಿಣದ ಮೊನೆ, ಹೊಟ್ಟೆಯಲ್ಲಿ ನೂಲು. ಹಾಸಿನ, ಅಂದರೆ ಉದ್ದಕ್ಕೆ ಹೂಡಿದ, ಎಳೆಗಳ ನಡುವೆ ಅತ್ತಿಂದಿತ್ತ ಓಡುವ ಆ ವಸ್ತು ದಾರಿ ತಪ್ಪಿದರೆ ಎದುರಿಗೆ ಮನುಷ್ಯರಿದ್ದಾರೆಂದು ನೋಡುವುದಿಲ್ಲ. ನನ್ನ ಬಲಹುಬ್ಬಿನ ಮೇಲೆ ಬಿತ್ತು. ಕಣ್ಣು ಹೋಗಲಿಲ್ಲ, ಹುಬ್ಬು ಸೀಳಿತು. ಶೆಡ್ಡಿನವರು ಒದ್ದೆ ಟವೆಲ್ ಒತ್ತಿ, ನೂಲು ತಂದಿಳಿಸಿದ್ದ ವ್ಯಾನಿನಲ್ಲಿ ಕೂರಿಸಿ ಕೊಯಮತ್ತೂರಿಗೆ ಕಳಿಸಿದರು. ವ್ಯಾನಿನವನು ಸರ್ಕಾರಿ ಆಸ್ಪತ್ರೆಯೊಂದರ ಗೇಟಿನಲ್ಲಿ ಇಳಿಸಿ ತನ್ನ ದಾರಿ ಹಿಡಿದ.

ಅಪಘಾತದವರನ್ನು ನೋಡುವ ಆ ಹಾಲಿನಲ್ಲಿ ಬೆಂಚುಗಳು ಭರ್ತಿ. ಒಬ್ಬಳು ಎಳೆಯ ಡಾಕ್ಟರಮ್ಮ, ಒಬ್ಬರು ದಪ್ಪನೆಯ ಹಿರಿಯ ಸಿಸ್ಟರ್, ಅವರಿಬ್ಬರ ಮೇಲೆ ಇಡೀ ಜಿಲ್ಲೆಯ ಮುರಿದ ಕೈಕಾಲು. ಸಿಸ್ಟರ್ ನನ್ನ ಟವೆಲ್ ಎತ್ತಿ ನೋಡಿ, ಏನಾಯಿತು ಎಂದರು. ಲಾಳಿ ಹಾರಿತು ಎಂದೆ. ಗಾಯ ತೊಳೆಯುತ್ತಾ ಮತ್ತೆ ಕೇಳಿದರು, ಮನೆಯಲ್ಲಿ ಏನಾದರೂ ಗಲಾಟೆಯಾ? ಇಲ್ಲ, ಲಾಳಿ ಎಂದೆ. ಹೊಲಿಗೆ ಹಾಕುವ ಮುಂಚೆ ಪರದೆ ಎಳೆದು, ದನಿ ತಗ್ಗಿಸಿ ಮೂರನೆಯ ಸಲ ಕೇಳಿದರು.

“ಹೆದರಬೇಡಮ್ಮಾ. ಗಂಡ ಹೊಡೆದನಾ?”

“ಹೊಡೆಯಬೇಕೆಂದರೆ ಅವರು ಮೇಲಿನಿಂದ ಇಳಿದು ಬರಬೇಕು ಸಿಸ್ಟರ್. ಹೋಗಿ ಆರು ವರ್ಷವಾಯಿತು” ಎಂದೆ.

ಅವರು ನಗಲಿಲ್ಲ. ಇಂಥ ಕಣ್ಣು ದಿನಕ್ಕೆ ಎಷ್ಟೋ ನೋಡುತ್ತೇನೆ, ಎಲ್ಲರೂ ಬಾಗಿಲು ಬಡಿಯಿತು ಎನ್ನುತ್ತಾರೆ, ಅದಕ್ಕೆ ಕೇಳುತ್ತೇನೆ ಎಂದರು. ಆಗ ನನಗೆ ಸ್ವಲ್ಪ ಕಿರಿಕಿರಿಯಾದದ್ದು ನಿಜ. ಆದರೆ ಆ ಮೂರನೆಯ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಪ್ರಶ್ನೆಯನ್ನು ಮೂರು ಸಲ ಕೇಳುವವರು ನನಗೆ ಇಷ್ಟ. ನಾನೂ ದರವನ್ನು ಮೂರು ಸಲ ಕೇಳುವವಳೇ.

ಹೊಲಿಗೆ ಹಾಕಿ, ಕಣ್ಣಿಗೂ ಸೇರಿಸಿ ಬಟ್ಟೆ ಸುತ್ತಿ, ಸೂಜಿ ಚುಚ್ಚಿ, ಅರ್ಧ ಗಂಟೆ ಕೂತು ಹೋಗು ಎಂದು ನನ್ನನ್ನು ಗೋಡೆ ಪಕ್ಕದ ಬೆಂಚಿಗೆ ಕಳಿಸಿದರು. ನನ್ನ ಪಕ್ಕಕ್ಕೇ ಆ ಅಜ್ಜಿಯನ್ನು ತಂದು ಕೂರಿಸಿದರು.

ಎಪ್ಪತ್ತರ ಮೇಲಿನ ವಯಸ್ಸು. ಹಿಡಿಯಷ್ಟು ದೇಹ. ಬಲ ಮುಂಗೈ ಮಣಿಕಟ್ಟಿನ ಮೇಲೆ ಊದಿ ವಾರೆಯಾಗಿತ್ತು. ಜೊತೆಗೆ ಮಗ, ಮೂವತ್ತೈದರ ಆಸುಪಾಸಿನವನು, ತಲೆಗೂದಲಿನಲ್ಲಿ ಹತ್ತಿಯ ಧೂಳು ಕೂತಿತ್ತು. ಮಗ್ಗದವನು ಎಂದು ಹೇಳಬೇಕಾಗಿರಲಿಲ್ಲ. ಅವನು ನನ್ನನ್ನು ಗುರುತು ಹಿಡಿದ. ನೀವು ಸೋಮನೂರಿಗೆ ಬರುವ ಬಟ್ಟೆ ಅಕ್ಕ ಅಲ್ಲವಾ, ನಮ್ಮ ಪಕ್ಕದ ಬೀದಿಗೆ ಬರುತ್ತೀರಿ ಎಂದು ತಮಿಳಿನಲ್ಲಿ ಮಾತಾಡಿಸಿ, ನನ್ನ ಕಣ್ಣಿನ ಬಗ್ಗೆ ಮರುಕಪಟ್ಟ. ಮೆತ್ತಗಿನ ಮಾತು, ಮರ್ಯಾದೆಯ ಮನುಷ್ಯ. ಕೆಟ್ಟವರೆಲ್ಲ ಮೀಸೆ ತಿರುವಿಕೊಂಡೇ ಬರುತ್ತಾರೆ ಎಂದುಕೊಂಡವರು ಸಂತೆಯಲ್ಲಿ ಮೋಸ ಹೋಗುತ್ತಾರೆ.

ಡಾಕ್ಟರಮ್ಮ ಬಂದು ಅಜ್ಜಿಯ ಕೈ ನೋಡಿ, ಏನಾಯಿತು ಪಾಟಿ ಎಂದಳು, ತಮಿಳಿನಲ್ಲಿ ಅಜ್ಜಿಗೆ ಹಾಗೆನ್ನುವುದು. ಉತ್ತರ ಮಗನಿಂದ ಬಂತು. ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ಸ್ನಾನ ಮಾಡುವಾಗ ಸೋಪಿನ ನೀರಿನಲ್ಲಿ ಕಾಲು ಜಾರಿತು ಎಂದ. ನೋವು ಎಲ್ಲೆಲ್ಲಿ ಪಾಟಿ ಎಂದಳು. ಅದಕ್ಕೂ ಅವನೇ ಹೇಳಿದ. ಸಿಸ್ಟರ್ ಚೀಟಿ ಬರೆಯಲು ಬಂದು ಮತ್ತೆ ಕೇಳಿದರು. ಬೆಳಿಗ್ಗೆ, ಒಗೆಯುವ ಕಲ್ಲು, ಸೋಪಿನ ನೀರು, ಕಾಲು ಜಾರಿತು. ಅದೇ ಪದ, ಅದೇ ಸಾಲು.

ಇದನ್ನು ಗಮನಿಸಿ. ನಿಜವಾಗಿ ನಡೆದದ್ದನ್ನು ಎರಡನೆಯ ಸಲ ಹೇಳುವಾಗ ಮನುಷ್ಯ ಸ್ವಲ್ಪ ತಡವರಿಸುತ್ತಾನೆ, ಒಂದು ಮಾತು ಹೆಚ್ಚು ಸೇರಿಸುತ್ತಾನೆ, ಇನ್ನೊಂದನ್ನು ಬಿಡುತ್ತಾನೆ. ಕಟ್ಟಿಕೊಂಡು ಬಂದ ಮಾತು ಮಾತ್ರ ಅಚ್ಚು ಹಾಕಿದಂತೆ ಬರುತ್ತದೆ. ಅದೂ ಅಲ್ಲದೆ ಅಜ್ಜಿಯ ಕೂದಲಿಗೆ ನೀರು ಬಿದ್ದು ದಿನಗಳಾಗಿದ್ದವು, ಜಿಡ್ಡುಗಟ್ಟಿತ್ತು. ಸೀರೆಯ ಅಂಚಿನಲ್ಲಿ ಸೋಪಿನ ವಾಸನೆಯಿಲ್ಲ, ಬೇರೆ ವಾಸನೆಯಿತ್ತು.

ಆದರೂ ನಾನು ಸುಮ್ಮನೆ ಕೂತಿದ್ದೆ. ಮಂದಿಯ ಮನೆ ವಿಷಯ ನನಗೇಕೆ ಎಂದೇ ನನಗೂ ಅನಿಸಿದ್ದು. ಜೊತೆಗೆ ನನ್ನ ತಲೆಯೊಳಗೆ ಇನ್ನೂ ಲಾಳಿ ಓಡುತ್ತಿತ್ತು.

ಸಿಸ್ಟರ್ ಕೈಗೆ ಸದ್ಯಕ್ಕೆ ಒಂದು ಪಟ್ಟಿ ಸುತ್ತೋಣ ಎಂದು ಬ್ಯಾಂಡೇಜ್ ಸುರುಳಿ ಬಿಚ್ಚಿದರು. ಅಷ್ಟರವರೆಗೆ ತುಟಿ ಬಿಚ್ಚದ ಅಜ್ಜಿ, ಆ ಉದ್ದನೆಯ ಬಿಳಿ ಪಟ್ಟಿ ಕಂಡದ್ದೇ ಎರಡೂ ಕೈ ಎದೆಗೆ ಎಳೆದುಕೊಂಡಳು. ಮುರಿದ ಕೈಯನ್ನೂ.

“ಕಟ್‌ಬ್ಯಾಡಿ... ಕಟ್‌ಬ್ಯಾಡಿ ಸಾಮೀ. ನಾ ಎಲ್ಲೂ ಹೋಗಲ್ಲ.”

ಏನು ಹೇಳುತ್ತಿದೆ ಪಾಟಿ ಎಂದು ಸಿಸ್ಟರ್ ಕೇಳಿದರು. “ಕಟ್ಟು ಬೇಡ ಎನ್ನುತ್ತಿದ್ದಾಳೆ” ಎಂದ ಮಗ, ತಮಿಳಿನಲ್ಲಿ. ತಮಿಳಿನಲ್ಲಿಯೂ ಬ್ಯಾಂಡೇಜಿಗೆ ಕಟ್ಟು ಎಂದೇ ಹೇಳುವುದು. ಸಿಸ್ಟರ್ ನಕ್ಕು, ಈ ವಯಸ್ಸಿನವರಿಗೆಲ್ಲ ಬ್ಯಾಂಡೇಜೆಂದರೆ ಭಯ, ಎಲುಬು ಕೂರಿಸುವ ನಾಟಿ ವೈದ್ಯನ ಹತ್ತಿರ ಹೋಗೋಣ ಎನ್ನುತ್ತಾರೆ ಎಂದರು. ನಾನೂ ಹಾಗೆಯೇ ತಿಳಿದೆ, ನಾಚಿಕೆಯಿಂದಲೇ ಬರೆಯುತ್ತೇನೆ. ಚಿಕ್ಕಂದಿನಿಂದ ಬೀದಿಯ ಮಾತು ಆಡಿ ಆಡಿ ನನ್ನ ಕಿವಿಗೂ ಮೊದಲು ಬಿದ್ದದ್ದು ತಮಿಳಿನ ಕಟ್ಟೇ. ಮಗ ಸುಳ್ಳನ್ನೂ ಹೇಳಿರಲಿಲ್ಲ. ಪದಕ್ಕೆ ಪದ ಸರಿಯಾಗಿಯೇ ಹೇಳಿದ್ದ. ಎರಡನೆಯ ಸಾಲನ್ನು ಮಾತ್ರ ನುಂಗಿದ್ದ.

ಸಿಸ್ಟರ್ ಸುರುಳಿ ಹಿಡಿದೇ ಕತ್ತರಿ ತರಲು ಆಚೆ ಹೋದರು, ಅಲ್ಲಿ ಬೇರೆ ಬೆಂಚಿನವರು ಅವರನ್ನು ಹಿಡಿದುಕೊಂಡರು. ಆಗ ಅವನು ತಾಯಿಯ ಕಿವಿಗೆ ಬಗ್ಗಿದ. ನನ್ನಿಂದ ಒಂದು ಮೊಳ ದೂರ. ಬಟ್ಟೆ ಅಕ್ಕನಿಗೆ ಕನ್ನಡ ಎಲ್ಲಿಂದ ಬರಬೇಕು? ದನಿ ತಗ್ಗಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ.

“ಸುಮ್ನಿರವ್ವಾ. ಇಲ್ಲಿ ಬಾಯಿ ಬಿಟ್ಟೀಂದ್ರೆ, ಮನೇಲಿ ಕಾಲೂ ಸೇರ್ಸಿ ಕಟ್ತೀನಿ.”

ಗಂಟಲಿನಲ್ಲಿ ಸಿಟ್ಟೂ ಇರಲಿಲ್ಲ. ಕರೆಂಟು ಬಂದರೆ ಮಗ್ಗ ಹಾಕು ಎನ್ನುವಂತೆ ಹೇಳಿದ.

ನನ್ನ ಒಂದು ಕಣ್ಣು ಬಟ್ಟೆಯೊಳಗೆ, ಇನ್ನೊಂದು ಸೂರಿನ ಮೇಲೆ. ವರ್ಷಗಟ್ಟಲೆ ಅಭ್ಯಾಸವಾಗಿದ್ದ ಆ ಏನೂ ತಿಳಿಯದ ಮುಖವನ್ನು ಹಾಗೆಯೇ ಹಿಡಿದುಕೊಂಡೆ. ಒಳಗೆ ಮಾತ್ರ ಲೆಕ್ಕ ಓಡುತ್ತಿತ್ತು. ಇವನು ಸೋಮನೂರಿನವನು. ಇವನೆದುರು ಒಂದು ಕನ್ನಡ ಮಾತು ಆಡಿದರೆ ನಾಳೆ ಎಲ್ಲ ಬೀದಿಗೂ ಗೊತ್ತಾಗುತ್ತದೆ. ಆಡದಿದ್ದರೆ ಅಜ್ಜಿ ಸಂಜೆಯೊಳಗೆ ಕೈಗೆ ಪಟ್ಟಿ ಸುತ್ತಿಸಿಕೊಂಡು ಅದೇ ಹಗ್ಗಕ್ಕೆ ವಾಪಸ್ಸು ಹೋಗುತ್ತಾಳೆ. ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಸುಮ್ಮನೆ ಕೂಗಾಡಿದರೆ ಕೆಲಸವಾಗುವುದಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಅವನು ಅಲ್ಲಗಳೆಯಬಹುದು. ಮಾಲು ಕೈಯಲ್ಲಿ ಇರಬೇಕು, ಆಮೇಲೆ ಬಾಯಿ ತೆಗೆಯಬೇಕು.

ಎಕ್ಸ್‌ರೇಗೆ ಚೀಟಿ ಬರೆದಿದ್ದರು. ಅದಕ್ಕೆ ಇನ್ನೊಂದು ಕಟ್ಟಡದಲ್ಲಿ ಸೀಲು ಹಾಕಿಸಿ ಸರದಿಯಲ್ಲಿ ನಿಲ್ಲಬೇಕು. ಅವನು ತಾಯಿಯನ್ನೂ ಎಬ್ಬಿಸಲು ನೋಡಿದ. ನಾನು ತಮಿಳಿನಲ್ಲಿ, ಅಯ್ಯೋ ತಂಬಿ, ಅಲ್ಲಿ ಕೂರಿಸಲು ಬೆಂಚೂ ಇಲ್ಲ, ಈಗಷ್ಟೇ ನೋಡಿ ಬಂದೆ, ನೀನು ಮೊದಲು ಹೋಗಿ ಜಾಗ ಹಿಡಿ, ಊಟದ ಹೊತ್ತಿಗೆ ಕಿಟಕಿ ಮುಚ್ಚಿಬಿಡುತ್ತಾರೆ, ಪಾಟಿಯನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ. ನಾನು ಆ ಕಟ್ಟಡವನ್ನು ಕಂಡೇ ಇರಲಿಲ್ಲ. ಅವನು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದ. ಓಡು, ಓಡು ಎಂದೆ. ಹೋದ.

ಅವನ ಬೆನ್ನು ಮರೆಯಾದ ಮೇಲೆ ಅಜ್ಜಿಯ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದೆ.

“ಅವ್ವಾ, ಎಡಗೈ ಕೊಡಿ ಇಲ್ಲಿ. ಯಾರೂ ಕಟ್ಟಲ್ಲ.”

ಅಜ್ಜಿ ನನ್ನ ಮುಖವನ್ನು, ಬಟ್ಟೆ ಸುತ್ತಿದ ಕಣ್ಣನ್ನು, ಮತ್ತೆ ಮುಖವನ್ನು ನೋಡಿದಳು.

“ನೀ ನಮ್ಮೋಳಾ ಕಣ್ಣೂ?”

ಆ ಕಡೆಯಲ್ಲಿ ಪ್ರೀತಿಯಿಂದ ಕರೆಯುವಾಗ ಕಣ್ಣು ಎಂದೇ ಕರೆಯುವುದು. “ನಿಮ್ಮೋಳೇ. ಸದ್ಯಕ್ಕೆ ಒಂದೇ ಕಣ್ಣು” ಎಂದೆ. ಹಲ್ಲಿಲ್ಲದ ಬಾಯಿ ಒಂದು ಸಲ ಅಗಲವಾಯಿತು. ಕೈ ಕೊಟ್ಟಳು.

ಮಣಿಕಟ್ಟಿನ ಸುತ್ತ ಬಳೆಯಂತೆ ಗೆರೆ. ನಾನು ಅದನ್ನು ಬೆಳಕಿಗೆ ಹಿಡಿದೆ, ಬಟ್ಟೆ ಹಿಡಿಯುವ ಹಾಗೆಯೇ. ಗೆರೆಯ ಮೇಲೆ ಓರೆ ಓರೆಯಾಗಿ ಸಣ್ಣ ಅಚ್ಚುಗಳು. ಅದು ಯಾವ ಹಗ್ಗ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗ್ಗದಲ್ಲಿ ಹಾಸು ಮುಗಿದಾಗ ಕೊನೆಯಲ್ಲಿ ಮೊಳದುದ್ದದ ಎಳೆಗಳು ನೇಯಲಾಗದೆ ಉಳಿಯುತ್ತವೆ. ಅವನ್ನು ತೊಡೆಯ ಮೇಲೆ ಹೊಸೆದು, ಗಂಟು ಹಾಕಿ ಹಗ್ಗ ಮಾಡಿಕೊಳ್ಳುತ್ತಾರೆ. ನೇಕಾರರ ಮನೆಯಲ್ಲಿ ಬಟ್ಟೆ ಮೂಟೆ ಕಟ್ಟುವುದೂ ಅದರಲ್ಲೇ, ಕರು ಕಟ್ಟುವುದೂ ಅದರಲ್ಲೇ. ಹಾಸಿನ ಎಳೆಗಳಿಗೆ ಗಂಜಿ ಹಾಕಿರುತ್ತಾರಲ್ಲ, ಅದು ಒಣಗಿದರೆ ತಂತಿಯಂತೆ ಕೊರೆಯುತ್ತದೆ. ಅಜ್ಜಿಯ ಚರ್ಮದ ಸುಕ್ಕುಗಳಲ್ಲಿ ಆ ಗಂಜಿಯ ಬಿಳಿ ಪುಡಿ ಇನ್ನೂ ಕೂತಿತ್ತು. ಬೆರಳಿನಿಂದ ಒರೆಸಿ ಮೂಸಿದೆ. ಅದೇ.

ಗೆರೆ ಒಂದಲ್ಲ. ಒಂದು ಕೆಂಪು, ಅದರ ಕೆಳಗೆ ನೀಲಿ, ಮೊಣಕೈ ಕಡೆಗೆ ಹಳದಿಯಾಗಿ ಮಾಸಿದ ಇನ್ನೊಂದು. ಬಟ್ಟೆಯ ಮೇಲೆ ನಿನ್ನೆ ಬಿದ್ದ ಕಲೆ ಯಾವುದು, ಹೋದ ವಾರದ್ದು ಯಾವುದು ಎಂದು ಹೇಳಲು ಬಾರದವಳು ನನ್ನ ವ್ಯಾಪಾರದಲ್ಲಿ ಒಂದು ತಿಂಗಳು ಉಳಿಯಲಾರಳು. ಬೆಳಿಗ್ಗೆ ಜಾರಿದ ಕಾಲು ಮೂರು ಬಣ್ಣದ ಗುರುತು ಬಿಡುವುದಿಲ್ಲ.

ಅಜ್ಜಿ ನಿಧಾನವಾಗಿ ಹೇಳಿದಳು. ಧಾರಾಪುರದಲ್ಲಿ ಮಗಳಿದ್ದಾಳೆ. ಮಧ್ಯಾಹ್ನವಾದರೆ ತನಗೆ ಮಗಳನ್ನು ನೋಡಬೇಕೆನಿಸುತ್ತದೆ, ಎದ್ದು ನಡೆಯುತ್ತಾಳೆ. ಎರಡು ಸಲ ರೈಲು ಗೇಟಿನ ತನಕ ಹೋಗಿಬಿಟ್ಟಿದ್ದಾಳೆ. ಮಗ, ಸೊಸೆ ಇಬ್ಬರೂ ಮಗ್ಗದ ಮುಂದೆ. ಅದಕ್ಕೆ ಮಂಚದ ಕಾಲಿಗೆ ಕಟ್ಟುತ್ತಾರೆ. ಮೊನ್ನೆ ಬಾಯಾರಿ ನೀರಿನ ಕೊಡಕ್ಕೆ ಕೈ ಚಾಚಿದಾಗ ಮಂಚವೇ ಸರಿದು ಬಲಗೈ ಮೇಲೆ ಮಗುಚಿತು.

“ಮೊನ್ನೆಯಾ?” ಎಂದೆ.

“ಮೊನ್ನೆ. ನೆನ್ನೆ ಶೆಡ್ಡಿಗೆ ಹೊಸ ಹಾಸಿನ ಬೀಮ್ ಬಂದಿತ್ತು ಕಣ್ಣೂ. ಬಿಡುವಿರಲಿಲ್ಲ ಅವನಿಗೆ.”

ಎರಡು ದಿನ ಮುರಿದ ಕೈ. ಆದರೂ ಅವನ ಪರವಾಗಿಯೇ ಮಾತು. ಡಾಕ್ಟರಮ್ಮನಿಗೆ ಹೇಳೋಣ ಎಂದರೆ ಒಪ್ಪಲಿಲ್ಲ. ನನ್ನ ಮಗನ ಹೆಸರು ನನ್ನ ಬಾಯಿಂದ ಪೋಲೀಸಿಗೆ ಹೋಗಬಾರದು, ಅವನು ಹೊಟ್ಟೆಗೆ ಹಾಕುತ್ತಾನೆ, ಬೈಯುವುದಿಲ್ಲ ಎಂದಳು. ಅವಳು ಬೇಡುತ್ತಿದ್ದದ್ದು ಎರಡೇ: ಹಗ್ಗ ಬೇಡ, ಮಗಳ ಮನೆಗೆ ಹೋಗಬೇಕು.

ನಾನು ಎಷ್ಟೋ ಗಟ್ಟಿ ಗಿರಾಕಿಗಳನ್ನು ಕಂಡಿದ್ದೇನೆ, ಈ ಅಜ್ಜಿಯಷ್ಟು ಗಟ್ಟಿ ಯಾರನ್ನೂ ಕಾಣಲಿಲ್ಲ. ಹೇಳದಿದ್ದರೆ ಸಂಜೆ ಅದೇ ಮಂಚ ಅವ್ವಾ ಎಂದೆ. ಬಾಗಿಲ ಕಡೆ ನೋಡಿದಳು. ಅವನಿಗೂ ಇದು ಒಳ್ಳೆಯದಲ್ಲ, ಮುಂದಿನ ಸಲ ನೀವು ಉಳಿಯದಿದ್ದರೆ ಅವನ ಗತಿ ಏನು ಎಂದೆ. ಆಗ ಯೋಚಿಸಿದಳು. ಕೊನೆಗೆ ದರ ಅವಳೇ ಹೇಳಿದಳು.

“ಬಾಯಲ್ಲಿ ಹೇಳಲ್ಲ. ಕೈ ತೋರಿಸ್ತೀನಿ.”

“ಸಾಕು” ಎಂದೆ. ವ್ಯಾಪಾರ ಕುದುರಿತು.

ಸಿಸ್ಟರ್ ಆ ಕಡೆಯಿಂದ ಹೋಗುತ್ತಿದ್ದರು. ಕರೆದೆ. ಕೆಲಸ ಇದೆಯಮ್ಮಾ, ಅರ್ಧ ಗಂಟೆ ಆಗಿದ್ದರೆ ನೀನು ಹೋಗಬಹುದು ಎಂದರು.

“ಸಿಸ್ಟರ್, ನನ್ನನ್ನು ಮೂರು ಸಲ ಕೇಳಿದಿರಿ, ಯಾರು ಹೊಡೆದರು ಅಂತ. ಇವರನ್ನು ಒಂದು ಸಲವೂ ಕೇಳಲಿಲ್ಲ.”

ಅವರು ನಿಂತುಬಿಟ್ಟರು. ಆ ಮಾತು ಅವರಿಗೆ ತಾಗಿತು, ತಾಗಲೆಂದೇ ಹೇಳಿದ್ದೆ. ಎಳೆಯ ಹೆಂಗಸಿನ ಕಣ್ಣು ಊದಿದ್ದರೆ ಎಲ್ಲರಿಗೂ ಗಂಡ ನೆನಪಾಗುತ್ತಾನೆ. ಮುದುಕಿಯ ಕೈ ಮುರಿದಿದ್ದರೆ ಜಾರಿದ ನೆಲ ಮಾತ್ರ ನೆನಪಾಗುತ್ತದೆ. ವಯಸ್ಸಾದವರು ಬೀಳುವುದಕ್ಕೇ ಹುಟ್ಟಿದ್ದಾರೆ ಎಂಬಂತೆ ನಾವು ಇರುತ್ತೇವೆ. ಸಿಸ್ಟರ್ ಒಳ್ಳೆಯವರು. ಸಿಟ್ಟಾಗದೆ ಬಂದು ಪರದೆ ಎಳೆದರು. ಅಜ್ಜಿ ಮಾತಿನಂತೆ ಒಂದೂ ಮಾತಾಡದೆ ಎಡಗೈ ಚಾಚಿದಳು. ಆಮೇಲೆ, ಇದು ನಮ್ಮ ಒಪ್ಪಂದದಲ್ಲಿ ಇರಲಿಲ್ಲ, ತಾನಾಗಿಯೇ ಸೀರೆ ತುಸು ಎತ್ತಿ ಪಾದದ ಮೇಲಿನ ಹಳೆಯ ಗೆರೆಯನ್ನೂ ತೋರಿಸಿದಳು.

ಡಾಕ್ಟರಮ್ಮನನ್ನು ಕರೆತಂದರು. ನಾನು ಹಗ್ಗದ ಓರೆ ಅಚ್ಚು, ಗಂಜಿಯ ಪುಡಿ, ಬಣ್ಣದ ವ್ಯತ್ಯಾಸ ಒಂದೊಂದಾಗಿ ತೋರಿಸಿದೆ. ಅವಳು ಹೌದು, ಹೌದು ಎನ್ನುತ್ತಾ, ಊತವೂ ಇವತ್ತಿನದಲ್ಲ, ನಾನು ನೋಡಬೇಕಿತ್ತು ಎಂದಳು. ಆಮೇಲೆ ಸಿಸ್ಟರ್ ಕೇಳಿದರು: “ಆಗ ಕಟ್ಟು ಬೇಡ ಎಂದದ್ದು?”

“ಬ್ಯಾಂಡೇಜ್ ಬೇಡ ಎಂದದ್ದಲ್ಲ ಸಿಸ್ಟರ್. ನನ್ನನ್ನು ಕಟ್ಟಿಹಾಕಬೇಡಿ, ನಾನು ಎಲ್ಲೂ ಹೋಗುವುದಿಲ್ಲ ಎಂದದ್ದು.”

ಸಿಸ್ಟರ್ ತಮ್ಮ ಕೈಯಲ್ಲಿದ್ದ ಬಿಳಿ ಸುರುಳಿಯನ್ನು ನೋಡಿ ಜೇಬಿಗೆ ಹಾಕಿಕೊಂಡರು. ಅವರು ಮತ್ತೆ ನಗಲಿಲ್ಲ.

ಡಾಕ್ಟರಮ್ಮ ಚಿಕ್ಕವಳಾದರೂ ಕೆಲಸ ಗೊತ್ತಿದ್ದವಳು. ಅಜ್ಜಿಯನ್ನು ದಾಖಲು ಮಾಡಿಕೊಂಡಳು. ಗುರುತುಗಳನ್ನೆಲ್ಲ ಅಪಘಾತದ ರಿಜಿಸ್ಟರಿನಲ್ಲಿ ಬರೆದಳು, ಆಸ್ಪತ್ರೆಯ ಪೋಲೀಸಿನವನು ಬಂದು ವಿಚಾರಿಸುತ್ತಾನೆ, ಅದು ಕ್ರಮ ಎಂದಳು. ಮಗ ಬಂದರೆ ತಾನು ಹೇಳುವ ತನಕ ಒಳಗೆ ಬಿಡಬಾರದು ಎಂದು ಸಿಸ್ಟರಿಗೆ ಹೇಳಿದಳು. ನನಗೆ ಅವಳ ಮೇಲೆ ಆದ ಗೌರವ ಇವತ್ತಿಗೂ ಹಾಗೇ ಇದೆ.

ಅವನು ಸೀಲು ಹಾಕಿಸಿಕೊಂಡು ಬೆವರುತ್ತಾ ಬಂದ. ಬೆಂಚು ಖಾಲಿ. ಅಮ್ಮ ಎಲ್ಲಕ್ಕಾ ಎಂದು ತಮಿಳಿನಲ್ಲಿ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ.

“ಕೂತ್ಕೋ ತಮ್ಮಾ. ಅವ್ವನ್ನ ದಾಖಲು ಮಾಡ್ಕೊಂಡ್ರು. ಕಾಲು ಸೇರ್ಸಿ ಕಟ್ಟೋ ಕೆಲ್ಸ ಇನ್ನಿಲ್ಲ ನಿಂಗೆ.”

ಮನುಷ್ಯನ ಮುಖದಲ್ಲಿ ರಕ್ತ ಇಳಿಯುವುದನ್ನು ಒಂದೇ ಕಣ್ಣಿನಲ್ಲಿ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ. ಸೀಲು ಹಾಕಿದ ಚೀಟಿಯನ್ನು ಬೆಂಚಿನ ಮೇಲಿಟ್ಟ. ಆಮೇಲೆ, ನಿಮಗೆ ಕನ್ನಡ ಬರುತ್ತದಾ ಎಂದ. ಅವನ ತಾಯಿಯ ವಿಷಯವಲ್ಲ, ಮೊದಲು ಬಂದದ್ದು ಆ ಪ್ರಶ್ನೆ. ಆಮೇಲೆ ಸಿಟ್ಟು.

“ನಿಮಗೇನಕ್ಕಾ ಗೊತ್ತು? ನಾಲ್ಕು ಮಗ್ಗ, ಎರಡು ಜೀವ. ಬಿಟ್ರೆ ರೈಲಿಗ್ ಸಿಕ್ತಾಳೆ. ಕಟ್ದೇ ಏನ್ ಮಾಡ್ಲಿ ಹೇಳಿ.”

ಆ ಪ್ರಶ್ನೆಯನ್ನು ನಾನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಅವನು ರಾಕ್ಷಸನಲ್ಲ. ಕೈಲಾಗದ ಕೆಲಸವನ್ನು ಯಾರನ್ನೂ ಕೇಳದೆ ಹಗ್ಗಕ್ಕೆ ಒಪ್ಪಿಸಿಬಿಟ್ಟವನು. ಆದರೆ ಮುರಿದ ಕೈಯನ್ನು ಎರಡು ದಿನ ಇಟ್ಟುಕೊಂಡದ್ದಕ್ಕೆ ಮಗ್ಗ ಕಾರಣವಲ್ಲ, ಕೈಯ ಗುರುತು ಯಾರಾದರೂ ನೋಡುತ್ತಾರೆಂಬ ಹೆದರಿಕೆ ಕಾರಣ. ಅದನ್ನು ಅವನ ಮುಖಕ್ಕೇ ಹೇಳಿದೆ. ಧಾರಾಪುರದ ನಿನ್ನ ಅಕ್ಕನಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದೆ. ಗಂಡುಮಗನಿರುವಾಗ ತಾಯಿ ಮಗಳ ಮನೆಯಲ್ಲಿ ಕೂತರೆ ಬೀದಿಯವರು ಏನೆನ್ನುತ್ತಾರೆ ಎಂದ. ಕಟ್ಟಿಹಾಕಿದ್ದು ಬೀದಿಗೆ ತಿಳಿದರೆ ಏನೆನ್ನುತ್ತಾರೆ ಎಂದೆ. ಆಗ ಬೆಂಚಿನಲ್ಲಿ ಕೂತ.

ಅಲ್ಲಿಂದ ಮುಂದೆ ನಾನು ನನಗೆ ಬರುವ ಕೆಲಸ ಮಾಡಿದೆ. ಪೋಲೀಸಿನವನು ಕೇಳಿದರೆ ನಡೆದದ್ದನ್ನು ನಡೆದಂತೆ ಹೇಳು, ಸೋಪಿನ ನೀರನ್ನು ಬಿಟ್ಟುಬಿಡು. ಇವತ್ತೇ ಅಕ್ಕನಿಗೆ ಸುದ್ದಿ ಹೋಗಬೇಕು. ಅವ್ವ ಎಲ್ಲಿರಬೇಕು ಎಂದು ಅವ್ವನೇ ಹೇಳಬೇಕು. ಇದಕ್ಕೆ ಒಪ್ಪಿದರೆ ಸೋಮನೂರಿನಲ್ಲಿ ನಿನ್ನ ಮನೆ ಮಾತು ನನ್ನ ಬಾಯಿಂದ ಬರುವುದಿಲ್ಲ ಎಂದೆ. ಅವನು ಧಾರಾಪುರದಲ್ಲಿ ಅಕ್ಕನ ಮನೆ ಪಕ್ಕದ ಕಿರಾಣಿ ಅಂಗಡಿಯ ಫೋನ್ ನಂಬರು ಹೇಳಿದ. ಅಂಚೆ ಕಚೇರಿಯವರೆಗೂ ಜೊತೆಗೇ ಹೋಗಿ ಟ್ರಂಕ್ ಕಾಲ್ ಹಚ್ಚಿಸಿ, ನನ್ನೆದುರಿಗೇ ಮಾತಾಡಿಸಿದೆ. ಹೇಳುತ್ತಾ ಹೇಳುತ್ತಾ ಅವನೇ ಅತ್ತ. ನಾನು ಸಮಾಧಾನ ಮಾಡಲಿಲ್ಲ, ಲೈನು ಕಟ್ಟಾಗುವ ಮುಂಚೆ ಬಸ್ಸಿನ ಹೊತ್ತು ಹೇಳು ಎಂದೆ.

ಮಗಳು ಮರುದಿನ ಮೊದಲ ಬಸ್ಸಿಗೇ ಬಂದಳು. ನಾನೂ ಹೋಗಿದ್ದೆ, ಹುಬ್ಬಿನ ಹೊಲಿಗೆ ತೋರಿಸುವ ನೆಪ ಇತ್ತಲ್ಲ. ಅವಳು ತಮ್ಮನೊಡನೆ ಒಂದೂ ಮಾತಾಡದೆ ತಾಯಿಯ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹಾಕುತ್ತಾ ಕೂತಿದ್ದಳು. ಎಲ್ಲಿಗೆ ಹೋಗುತ್ತೀರಿ ಪಾಟಿ ಎಂದು ಡಾಕ್ಟರಮ್ಮ ಕೇಳಿದಾಗ ಈ ಸಲ ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಅಜ್ಜಿ ತಮಿಳಿನಲ್ಲೇ, ಸ್ಪಷ್ಟವಾಗಿ, ಧಾರಾಪುರ ಎಂದಳು. ಅವಳಿಗೆ ತಮಿಳು ಬರುತ್ತಿತ್ತು! ನೋವು, ಭಯ ಬಂದಾಗ ಮಾತ್ರ ಮನೆಮಾತು. ಅದು ನಮ್ಮೆಲ್ಲರಿಗೂ ಹಾಗೇ ಅಲ್ಲವೇ. ಮುದುಕರಿಗೆ ಪ್ರಶ್ನೆ ಕೇಳುವವರು ಅವರನ್ನು ಒಬ್ಬರನ್ನೇ ಕೂರಿಸಿಕೊಂಡು, ಅವರು ಅಳುವ ಭಾಷೆಯಲ್ಲಿ ಕೇಳಬೇಕು ಎಂದು ನಾನು ಹೇಳುವುದು ಅದಕ್ಕೇ.

ಬಲಗೈಗೆ ಆಗಲೇ ಹಿಟ್ಟಿನ ಕಟ್ಟು, ಅಂದರೆ ಪ್ಲಾಸ್ಟರ್, ಹಾಕಿದ್ದರು. ಹೊರಡುವಾಗ ನನಗೆ ಅದನ್ನು ಎತ್ತಿ ತೋರಿಸಿದಳು. “ಈ ಕಟ್ಟು ಪರವಾಗಿಲ್ಲ ಕಣ್ಣೂ. ಇದು ನನ್ ಜೊತೇಲೇ ಬರ್ತದೆ.”

ನನ್ನ ಬಂಡವಾಳದ ಕಥೆ ಏನಾಯಿತು ಎನ್ನುತ್ತೀರಾ? ಅವನ ಮನೆ ಮಾತನ್ನು ನಾನು ಹೇಳಲಿಲ್ಲ, ನನ್ನ ಮಾತನ್ನು ಅವನು ಹೇಳಿದ. ಮುಂದಿನ ವಾರ ಹೋದಾಗ ಶೆಡ್ಡುಗಳಲ್ಲಿ ಗಂಡಹೆಂಡಿರು ನನ್ನನ್ನು ಕಂಡು ಬಾಯಿ ಮುಚ್ಚಿ, ಹಿತ್ತಲಿಗೆ ಹೋಗಿ ಪಿಸುಗುಟ್ಟಿ ಬರತೊಡಗಿದರು. ಒಬ್ಬ ಮುದುಕ ಮಾತ್ರ, ಇಷ್ಟು ವರ್ಷ ನಮ್ಮ ಹೊಟ್ಟೆಯೊಳಗೇ ಕೂತಿದ್ದೆಯಲ್ಲೇ ಕಳ್ಳಿ ಎಂದು ಬೈದು ಕಾಫಿ ಕೊಟ್ಟ. ಒಂದೆರಡು ತಿಂಗಳು ಕಷ್ಟವಾಯಿತು. ಆಮೇಲೆ ಮುಖಾಮುಖಿ ಕನ್ನಡದಲ್ಲೇ ಚೌಕಾಸಿ ಮಾಡುವುದನ್ನು ಕಲಿತೆ. ತಿರುಪ್ಪೂರಿನಲ್ಲಿ ಅಂಗಡಿ ಹಾಕಿದ್ದು ಆಮೇಲೆಯೇ. ಬಲಹುಬ್ಬಿನ ನಡುವೆ ಈಗಲೂ ಕೂದಲು ಬರುವುದಿಲ್ಲ. ಕನ್ನಡಿಯಲ್ಲಿ ಅದನ್ನು ನೋಡಿದಾಗ ನನಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವೇ ಬರುತ್ತದೆ.

ಮುಂದಿನ ವರ್ಷ ಮಾಲಿನ ಕೆಲಸಕ್ಕೆ ಧಾರಾಪುರಕ್ಕೆ ಹೋದಾಗ ಮಗಳ ಮನೆ ಹುಡುಕಿಕೊಂಡು ಹೋದೆ. ಬಾಗಿಲು ಹಾರುಹೊಡೆದಿತ್ತು, ಅಜ್ಜಿ ಇರಲಿಲ್ಲ. ತಿರುಗಿ ಬೀದಿಗೆ ಓಡಿದೆ. ಮಗಳು ಬೀದಿಯ ತುದಿಯಿಂದ ತಾಯಿಯನ್ನು ಕೈ ಹಿಡಿದು ಕರೆತರುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿದ್ದೆವು ಎಂದಳು. ಮಧ್ಯಾಹ್ನವಾದರೆ ಅವ್ವ ಎದ್ದು ಹೊರಡುತ್ತಾಳಂತೆ. ಇವಳೂ ಕೆಲಸ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೋಗುತ್ತಾಳಂತೆ. ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದೊಂದು ಟೀ ಕುಡಿದು, ಬಸ್ಸುಗಳನ್ನು ನೋಡಿ, ವಾಪಸ್ಸು ಬರುತ್ತಾರೆ. ದಿನವೂ.

ಎಲ್ಲಿಗೆ ಹೊರಟಿದ್ರವ್ವಾ ಎಂದು ಕೇಳಿದೆ.

“ಸೋಮನೂರಿಗೆ ಕಣ್ಣೂ. ಮಗನ್ನ ನೋಡಿ ಬಾಳ ದಿನ ಆಯ್ತು.”

ಮಗಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಅಜ್ಜಿಯ ಎಡಗೈ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಸುಕ್ಕು ಬಿಟ್ಟರೆ ಏನೂ ಇರಲಿಲ್ಲ.